ಸಾಕೆನ್ನದ ಗುಡ್ಡ

ಈ ಗುಡ್ಡದ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗೆ ಇಣುಕಿ ನೋಡಿದವನು ನಾನೊಬ್ಬನೇ. ಒಳಗೆ ಒಡೆಯನ ಮೀಸೆ ಇನ್ನೂ ಬೆಳೆಯುತ್ತಿತ್ತು. ಅಂದು ಜೊತೆಗಿದ್ದ ಮೂವರೂ ತೀರಿಕೊಂಡಿದ್ದಾರೆ. ಸಾಕ್ಷಿ ಬೇಕಾದವರು ಅವರನ್ನೇ ಹೋಗಿ ಕೇಳಲಿ. ಯಲ್ಲಾಪುರದಿಂದ ಹಳಿಯಾಳದ ಕಡೆ ಬರುವಾಗ ಎಡಕ್ಕೆ ಕಾಣುವುದೇ ಈ ಗುಡ್ಡ. ಕೆಂಪು ಮಣ್ಣು, ಕರಿಬಂಡೆ, ಹಸಿರು ಹುಲ್ಲು, ತೇಪೆಗೆ ತೇಪೆ ಹಚ್ಚಿ ಹೊಲಿದ ಹಾಗೆ. ಮೂರು ಮೂಲೆಯಲ್ಲಿ ಮುತ್ತುಗದ ಮರ. ನಾಲ್ಕನೆಯದು ಬೋಳು.

ಹಿಂದೆ ಒಮ್ಮೆ ಅಲ್ಲಿ ಒಬ್ಬ ಒಡೆಯನ ಮನೆಯಿತ್ತು ಎನ್ನುತ್ತಾರೆ. ಅವನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳು ನಮ್ಮ ಸಿದ್ದಿಯರ ಕೈತಾನಿ. ಗುಂಗುರು ಕೂದಲು, ರೊಟ್ಟಿಹಂಚಿನ ಬಣ್ಣ, ಸೂಜಿ ಹಿಡಿದರೆ ಕಾಡೇ ತಿರುಗಿ ನೋಡಬೇಕು. ಅವಳ ಆಸ್ತಿಯೆಂದರೆ ಸತ್ತ ಅವ್ವ ಹೊದೆಯುತ್ತಿದ್ದ ಕೌದಿ ಒಂದೇ. ಅಜ್ಜಿಯ ಸೀರೆ, ಅವ್ವನ ಕುಪ್ಪಸ, ಉಳಿಯದೆ ಹೋದ ತನ್ನ ಮಗಳ ಲಂಗ, ಎಲ್ಲ ಅದರೊಳಗೇ ಸೇರಿದ್ದವು. ಒಡೆಯ ಅದನ್ನು ಕಿತ್ತು ಬೇಟೆನಾಯಿಗೆ ಹಾಸಿದ. "ಕರಿಯಳ ಕೌದಿ ಕರಿನಾಯಿಗೆ ಸರಿಹೋಯಿತು" ಎಂದು ನಕ್ಕ. ಕೈತಾನಿ ಅತ್ತು ಬೇಡಿದಾಗ, "ನನಗೊಂದು ಹೊಲಿದುಕೊಡು, ಇದನ್ನು ಬಿಡುತ್ತೇನೆ" ಎಂದ.

ಹೊಲಿದಳು. ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಇಡುವುದು ನಮ್ಮ ಹೆಂಗಸರ ಪದ್ಧತಿ. ಹೂವು ಇಟ್ಟರೆ ಕೌದಿಗೆ 'ಇಲ್ಲಿಗೆ ಸಾಕು' ಎಂದು ಹೇಳಿದಂತೆ. ಅವಳು ಮೂರೇ ಇಟ್ಟಳು. "ನಾಲ್ಕನೆಯದಕ್ಕೆ ನನ್ನ ಮಗಳ ಲಂಗದ ಚೂರೇ ಆಗಬೇಕು. ಅವ್ವನ ಕೌದಿ ಕೊಡಿ, ಒಡೆಯಾ." ಅವನು ನಾಯಿಯನ್ನು ಛೂ ಬಿಟ್ಟು, ಅವಳ ಕಣ್ಣೆದುರೇ ಅದನ್ನು ಚಿಂದಿ ಮಾಡಿಸಿದ. ಆಮೇಲೆ ಉಂಡು, ಹೊಸ ಕೌದಿ ಹೊದ್ದು ಮಲಗಿದ.

ಹೂವಿಲ್ಲದ ಮೂಲೆಯಿಂದ ಕೌದಿ ಬೆಳೆಯತೊಡಗಿತು. ಕಾಲು ಮುಚ್ಚಿತು, ಮಂಚ ಮುಚ್ಚಿತು, ಜಗುಲಿ ಮುಚ್ಚಿತು. ಹದಿನಾರು ಜೋಡಿ ಎತ್ತು ಕಟ್ಟಿ ಎಳೆದರೂ ಅಂಚು ಎಳ್ಳಷ್ಟೂ ಏಳಲಿಲ್ಲ. "ಸಾಕು ಮಾಡೇ ಕೈತಾನಿ, ಸಾಕು!" ಎಂದು ಒಡೆಯ ಕಿರುಚಿದ.

"ಸಾಕು ಅನ್ನುವ ಹೂವು ನಿಮ್ಮ ನಾಯಿಯ ಬಾಯಲ್ಲಿದೆ, ಒಡೆಯಾ."

ಅವನ ಮೀಸೆ ಮುಚ್ಚುವವರೆಗೂ ನಿಂತು ನೋಡಿ, ಸಗಣಿಬುಟ್ಟಿ ಬೋರಲು ಹಾಕಿ ಕಾಡಿಗೆ ನಡೆದಳು.

ಇಂದಿಗೂ ಪ್ರತಿ ಮಳೆಗಾಲ ಕಳೆದಾಗ, ಗುಡ್ಡವಾದ ಆ ಕೌದಿಯ ಬೋಳು ಮೂಲೆ ಒಂದು ಗೇಣು ಮುಂದೆ ಬಂದಿರುತ್ತದೆ. ದಾರಿಯಲ್ಲಿ ಹೋಗುವ ನಮ್ಮ ಹೆಂಗಸರು ಮೂರು ಮರಕ್ಕೂ ಬಟ್ಟೆಯ ಚೂರು ಕಟ್ಟುತ್ತಾರೆ. ನಾಲ್ಕನೆಯ ಮೂಲೆಗೆ ಉಗಿಯುತ್ತಾರೆ. ಬಂದವರು ಯಾರು ಬೇಕಾದರೂ ನೋಡಬಹುದು.

ಇಷ್ಟು ಹೇಳಿ ಮುಗಿಸುವಾಗ, ಪಕ್ಕದಲ್ಲಿ ಕೌದಿ ಹೊಲಿಯುತ್ತಿದ್ದ ಮೊಮ್ಮಗಳು ಜುಲಿಯಾನಿ ಹಲ್ಲಿನಲ್ಲಿ ದಾರ ಕಡಿದಳು. "ಅಜ್ಜಾ, ಹದಿನಾರು ಜೋಡಿ ಎತ್ತಿಗೆ ಏಳದ ಅಂಚು ನಿನ್ನ ಎರಡು ಕೈಗೆ ಹ್ಯಾಗೆ ಎದ್ದಿತು?"

ನಾನು ಹೆಗಲು ಕುಣಿಸಿದೆ. "ಅವು ಒಡೆಯನ ಎತ್ತುಗಳು, ಮಗಾ."