ಬೆಟ್ಟಕ್ಕೆ ಹದ ಮಾಡಿದ ಸ್ಕೂಟರ್

"ಬುದ್ಧೀ, ಕರೆದ ಕಡೆಗೆಲ್ಲ ಒದಗುವಂತೆ ಮನುಷ್ಯ ತನ್ನನ್ನು ಹದ ಮಾಡಿಕೊಳ್ಳುವುದು ಹೇಗೆ?" ಎಂದು ಗುರುಶಾಂತ ಕೇಳಿದ.

ಗುರುಶಾಂತ ಮಠದ ಶಿಷ್ಯರಲ್ಲಿ ಚುರುಕಿನವನು. ಬೆಳಿಗ್ಗೆ ಪಾಠಶಾಲೆಯಲ್ಲಿ ವ್ಯಾಕರಣ ಹೇಳುತ್ತಿದ್ದ. ಮಧ್ಯಾಹ್ನ ದಾಸೋಹದ ಉಸ್ತುವಾರಿ ನೋಡುತ್ತಿದ್ದ. ಸಂಜೆ ಪಟ್ಟಣದವರು ಕರೆದರೆ ಪ್ರವಚನಕ್ಕೆ ಹೊರಡುತ್ತಿದ್ದ. ಈಗ ನಾಟಿ ವೈದ್ಯವನ್ನೂ ಕಲಿಯುವ ಆಸೆ ಹುಟ್ಟಿತ್ತು. ಎಲ್ಲಿ ಕೂತರೂ ಅವನ ಅರ್ಧ ಮನಸ್ಸು ಇನ್ನೊಂದು ಕಡೆ ಇರುತ್ತಿತ್ತು. ಅದು ತನಗೇ ಗೊತ್ತಾದಾಗ ಗುರುಗಳ ಬಳಿ ಬಂದಿದ್ದ.

ಗುರುಗಳು ಅವನನ್ನು ಚಾಪೆಯ ಮೇಲೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದನದ ಡಾಕ್ಟರಿದ್ದ. ಪದವಿ ಪಡೆದ ಡಾಕ್ಟರಲ್ಲ, ಪಶು ಆಸ್ಪತ್ರೆಯಲ್ಲಿ ಸಹಾಯಕ. ಆದರೂ ಸೂಜಿ ಹಾಕುವವನು, ಕರು ಅಡ್ಡ ಸಿಕ್ಕಿಕೊಂಡರೆ ಕೈ ಹಾಕಿ ಬಿಡಿಸುವವನು ಅವನೇ ಆದ್ದರಿಂದ ಜನರ ಬಾಯಲ್ಲಿ ಡಾಕ್ಟರೇ ಆಗಿದ್ದ. ಅವನ ಪಾಲಿಗೆ ಬಂದ ಊರುಗಳೆಲ್ಲ ಬಯಲಿನಲ್ಲಿದ್ದವು, ಒಂದನ್ನು ಬಿಟ್ಟು. ಆ ಒಂದು, ಬೆಟ್ಟದ ನೆತ್ತಿಯ ಮೇಲೆ ದನ ಕುರಿ ಸಾಕುವವರ ಹಟ್ಟಿ. ಅಲ್ಲಿಗೆ ರಸ್ತೆಯಿತ್ತು. ಆದರೆ ಕೊನೆಯ ಏರು ಗೋಡೆ ಹತ್ತಿದ ಹಾಗೆ.

ಅವನ ಹತ್ತಿರ ಗೇರಿಲ್ಲದ ಒಂದು ಸಣ್ಣ ಸ್ಕೂಟರಿತ್ತು. ಹಿಂದೆ ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ಬಯಲಿನ ಊರುಗಳನ್ನೆಲ್ಲ ಸಲೀಸಾಗಿ ಸುತ್ತಿ ಬರುತ್ತಿದ್ದ. ಹಟ್ಟಿಗೆ ಹೋಗುವ ದಿನ ಮಾತ್ರ ಕೊನೆಯ ಏರಿನಲ್ಲಿ ಗಾಡಿಯಿಂದ ಇಳಿದು ತಳ್ಳುತ್ತಿದ್ದ. ಇದ್ದದ್ದೇ ಎಂದು ಸುಮ್ಮನಿದ್ದ.

ಒಂದು ಬೆಳಿಗ್ಗೆ ಹಟ್ಟಿಯಿಂದ ಫೋನು ಬಂತು. ಒಬ್ಬ ವಿಧವೆಯ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿತ್ತು. ಅವಳಿಗಿದ್ದದ್ದು ಅದೊಂದೇ ಎಮ್ಮೆ. ಡಾಕ್ಟರು ತಿನ್ನುತ್ತಿದ್ದ ತಟ್ಟೆ ಬಿಟ್ಟು ಹೊರಟ. ಕೊನೆಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಗಾಡಿ ತಿಣುಕಿತೇ ಹೊರತು ಮುಂದೆ ಹೋಗಲಿಲ್ಲ. ರಬ್ಬರು ಸುಟ್ಟ ವಾಸನೆ ಬಂತು. ಅವನು ಇಳಿದು ತಳ್ಳಿದ. ತಳ್ಳಲಾರದೆ ಗಾಡಿಯನ್ನು ದಾರಿಯ ಪಕ್ಕಕ್ಕೆ ಒರಗಿಸಿ, ಪೆಟ್ಟಿಗೆ ಹೆಗಲಿಗೇರಿಸಿ ಓಡಿದ.

ಅವನು ತಲುಪುವಾಗ ಎಮ್ಮೆ ಮಗ್ಗುಲಿಗೆ ಬಿದ್ದಿತ್ತು. ಕರುವನ್ನು ಎಳೆದು ತೆಗೆದ. ಅದರಲ್ಲಿ ಜೀವವಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಮ್ಮೆಯೂ ಹೋಯಿತು.

ಆ ಹೆಂಗಸು ಅವನಿಗೆ ಕೈ ತೊಳೆಯಲು ನೀರು ಕೊಟ್ಟಳು. "ಇನ್ನೊಂಚೂರು ಮುಂಚೆ ಬರಬೇಕಿತ್ತು ಅಂತ ನಾನು ಅನ್ನೋದಿಲ್ಲ ಡಾಕ್ಟ್ರೇ. ನೀವು ಓಡಿ ಬಂದದ್ದು ಕಾಣ್ತದೆ" ಎಂದಳು.

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮಾರನೆಯ ದಿನವೇ ಅವನು ಮೆಕ್ಯಾನಿಕ್ ಹತ್ತಿರ ಹೋದ. ಮೆಕ್ಯಾನಿಕ್ ಮೊದಲು ಬ್ರೇಕು ಹಿಡಿದುಕೊಂಡಿದೆಯೇ, ಬೆಲ್ಟು ಸವೆದಿದೆಯೇ ಎಂದು ನೋಡಿದ. ಎರಡೂ ಇರಲಿಲ್ಲ. ಆಮೇಲೆ ಎಡಗಡೆಯ ಮುಚ್ಚಳ ಬಿಚ್ಚಿ, ಒಳಗಿನ ರಾಟೆಯಿಂದ ಹೆಬ್ಬೆರಳ ಗಾತ್ರದ ರೋಲರುಗಳನ್ನು ತೆಗೆದು ಅವನ ಅಂಗೈಗೆ ಹಾಕಿದ.

"ನಿಮ್ಮ ಗಾಡಿಗೆ ಗೇರು ಹಾಕೋದು ಇವೇ" ಎಂದ. "ಇಂಜಿನ್ ಜೋರಾಗಿ ತಿರುಗಿದಂತೆ ಇವು ಹೊರಕ್ಕೆ ಸರಿದು ಬೆಲ್ಟನ್ನು ಮೇಲಕ್ಕೆ ದಬ್ತವೆ. ಭಾರ ಇದ್ದರೆ ಬೇಗ ದಬ್ತವೆ, ಗಾಡಿ ಬೇಗ ದೊಡ್ಡ ಗೇರಿಗೆ ಹೋದ ಹಾಗೆ. ಸಪಾಟು ರಸ್ತೆಗೆ ಅದು ಚೆನ್ನ. ಏರಿನಲ್ಲಿ ದಮ್ಮು ಕಟ್ತದೆ. ಹಗುರದ್ದು ಹಾಕಿದರೆ ಸಣ್ಣ ಗೇರಿನಲ್ಲೇ ಹೆಚ್ಚು ಹೊತ್ತು ನಿಂತು ಏರ್ತದೆ. ಆದರೆ ಸಪಾಟಿನಲ್ಲಿ ಬರೀ ಕೂಗ್ತದೆ, ಓಡೋದಿಲ್ಲ."

"ಎರಡಕ್ಕೂ ಆಗುವಂಥದ್ದು ಇಲ್ಲವೇ?"

"ನಡುವಿನ ತೂಕದ್ದಿದೆ. ಹಾಕಿ ನೋಡೋಣ."

ನಡುವಿನ ತೂಕದ್ದು ಹಾಕಿದರು. ಡಾಕ್ಟರು ಬರಿಗೈಲಿ ಹೋಗಿ ನೋಡಿದ, ಗಾಡಿ ಏರಿತು. ಹಿಗ್ಗಿಹೋದ. ಮರುದಿನ ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ಹೋದಾಗ ಏರಿನ ಅರ್ಧದಲ್ಲೇ ನಿಂತಿತು. ಬಯಲಿನಲ್ಲೂ ಅದು ಮೊದಲಿನಷ್ಟು ಓಡುತ್ತಿರಲಿಲ್ಲ. ತಿರುಗಿ ಬಂದು, "ಹಗುರದ್ದೇ ಹಾಕು" ಎಂದ. ಮೆಕ್ಯಾನಿಕ್ ಹಗುರದ ರೋಲರು ಹಾಕಿ, ಏರಿನಲ್ಲಿ ಬೆಲ್ಟು ಜಾರದಿರಲೆಂದು ಹಿಂದಿನ ರಾಟೆಗೆ ಸ್ವಲ್ಪ ಗಟ್ಟಿಯಾದ ಸ್ಪ್ರಿಂಗು ಕೂರಿಸಿದ. ಹಳೆಯ ರೋಲರುಗಳನ್ನು ಡಬ್ಬಿಯೊಂದರಲ್ಲಿ ಹಾಕಿ, ಬೇಕಾದಾಗ ಕೇಳಿ ಎಂದು ಅಂಗಡಿಯಲ್ಲೇ ಇಟ್ಟುಕೊಂಡ.

ಅಂದಿನಿಂದ ಗಾಡಿ ಪೆಟ್ಟಿಗೆ ಸಮೇತ ಬೆಟ್ಟ ಹತ್ತಿತು. ವೇಗವಾಗಿ ಅಲ್ಲ, ಆದರೆ ನಿಲ್ಲದೆ. ಹೊಟ್ಟೆ ಉಬ್ಬರಿಸಿ ಬಿದ್ದ ಒಂದು ಹಸು ಅವನು ಹೊತ್ತಿಗೆ ಸರಿಯಾಗಿ ಹೋದದ್ದಕ್ಕೆ ಎದ್ದು ನಿಂತಿತು. ಹಾವು ಕಚ್ಚಿದ ಹೋರಿಯೊಂದು ಬದುಕಿತು. ಹಟ್ಟಿಯವರು ಅವನ ಗಾಡಿಯ ಕೂಗನ್ನು ದೂರದಿಂದಲೇ ಗುರುತು ಹಿಡಿದು ದನಗಳನ್ನು ಕಟ್ಟಿ ನಿಲ್ಲಿಸುತ್ತಿದ್ದರು. ಬಯಲಿನಲ್ಲಿ ಮಾತ್ರ ಸಂತೆಗೆ ಹೋಗುವ ಹಳೆಯ ಮೊಪೆಡ್ಡುಗಳೂ ಅವನನ್ನು ದಾಟಿ ಹೋಗುತ್ತಿದ್ದವು. ಡಾಕ್ಟ್ರ ಗಾಡಿ ಅರಚಾಟ ಜಾಸ್ತಿ, ಓಟ ಕಮ್ಮಿ ಎಂದು ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಅವನಿಗೊಬ್ಬ ಅಕ್ಕನಿದ್ದಳು. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿದವಳು, ಬೈದು ಓದಿಸಿದವಳು ಅವಳೇ. ಬಯಲಿನ ಆಚೆ ತುದಿಯ ಊರಿಗೆ ಅವಳನ್ನು ಕೊಟ್ಟಿತ್ತು. ಕೆಲವು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ ಅವನು ಒಂದು ಹಳ್ಳಿಯಲ್ಲಿ ದನಗಳಿಗೆ ಸೂಜಿ ಹಾಕುತ್ತಿದ್ದಾಗ ಭಾವನ ಫೋನು ಬಂತು. "ಅವಳು ನಿನ್ನನ್ನೇ ಕೇಳ್ತಿದಾಳೆ. ಬೇಗ ಬಾ."

ಅವನು ಹಾಗೇ ಹೊರಟ. ಬಾಣ ಬಿಟ್ಟ ಹಾಗೆ ನೇರವಾದ ರಸ್ತೆ. ಒಂದು ದಿಣ್ಣೆಯೂ ಇಲ್ಲ. ಎಷ್ಟು ತಿರುಗಿಸಿದರೂ ಗಾಡಿ ಕೂಗಿತು, ಓಡಲಿಲ್ಲ. ಕಾರುಗಳು ಹೋದವು, ಬೈಕುಗಳು ಹೋದವು, ಒಂದು ಬಸ್ಸು ಹೋಯಿತು. ಅವನು ಹ್ಯಾಂಡಲಿನ ಮೇಲೆ ಬಾಗಿ, ಹೋಗು ಹೋಗು ಎಂದು ಗಾಡಿಯನ್ನು ಎತ್ತಿನ ಹಾಗೆ ಗದರಿಸಿದ. ಪೆಟ್ಟಿಗೆ ಬಿಚ್ಚಿ ರಸ್ತೆಯ ಪಕ್ಕದ ಹೋಟೆಲಿನಲ್ಲಿ ಇಟ್ಟು ಹೋದ. ಅದರಿಂದಲೂ ಏನೂ ಆಗಲಿಲ್ಲ.

ಅವನು ಮನೆಯ ಮುಂದೆ ಗಾಡಿ ನಿಲ್ಲಿಸುವಾಗ ಒಳಗಿನಿಂದ ಅಳುವ ದನಿ ಕೇಳಿತು. ಈಗಷ್ಟೇ ಹೋದಳು ಎಂದರು. ಕೊನೆಗೆ ಎರಡು ಸಲ "ತಮ್ಮ ಬಂದನಾ" ಎಂದು ಕೇಳಿದ್ದಳಂತೆ.

ಭಾವ ಎಲ್ಲರೆದುರಿಗೇ ಕೇಳಿದರು: "ಬೆಟ್ಟದ ದನಕ್ಕೆ ಓಡೋ ಗಾಡಿ, ಅಕ್ಕನಿಗೆ ಓಡಲಿಲ್ಲವೇನಪ್ಪ?"

ಅವನು ಮುಂದೆ ಬಂದು ಚಟ್ಟಕ್ಕೆ ಹೆಗಲು ಕೊಟ್ಟ. ತಿಥಿ ಮುಗಿಯುವವರೆಗೆ ಅಲ್ಲೇ ಇದ್ದು, ಊರಿಗೆ ಬಂದವನೇ ನೇರವಾಗಿ ಮೆಕ್ಯಾನಿಕ್ ಅಂಗಡಿಗೆ ಹೋದ.

"ಹಳೇ ರೋಲರು ಹಾಕು" ಎಂದ.

ಮೆಕ್ಯಾನಿಕ್‌ಗೆ ಸುದ್ದಿ ಗೊತ್ತಿತ್ತು. ಏನೂ ಕೇಳದೆ ಡಬ್ಬಿ ತಂದಿಟ್ಟು ಮುಚ್ಚಳ ಬಿಚ್ಚತೊಡಗಿದ. ಡಾಕ್ಟರು ಅಂಗಡಿಯ ಬೆಂಚಿನ ಮೇಲೆ ಕೂತ. ಮನೆಯವರು ಹೇಳಿದ್ದನ್ನು ಕೇಳಿ ಅವನ ಕಣ್ಣಿಗೆ ಆ ಮಧ್ಯಾಹ್ನವೇ ಕಟ್ಟಿತ್ತು. ಅಕ್ಕನ ತಲೆ ಮಗಳ ತೊಡೆಯ ಮೇಲಿತ್ತು. ಬಾಯಿಗೆ ನೀರು ಬಿಟ್ಟವನು ಮಗ. ಪಾದ ಹಿಡಿದು ಕೂತವರು ಭಾವ. ಬಾಗಿಲ ತುಂಬ ಊರಿನವರು. ತಾನೊಬ್ಬ ಇರಲಿಲ್ಲ. ಆ ಒಂದು ಜಾಗ ಖಾಲಿಯಿತ್ತು. ಅದು ಇನ್ನು ಯಾವತ್ತೂ ತುಂಬುವಂಥದ್ದಲ್ಲ. ಹಾಗೆಯೇ, ಮಗ್ಗುಲಿಗೆ ಬಿದ್ದ ಎಮ್ಮೆಯೂ ನೆನಪಾಯಿತು. ಅದರ ಪಕ್ಕದಲ್ಲಿ ಆ ಹೆಂಗಸು ಒಬ್ಬಳೇ ಕೂತಿದ್ದಳು.

ಮೆಕ್ಯಾನಿಕ್ ಹಗುರದ ರೋಲರುಗಳನ್ನು ಹೊರಗೆ ತೆಗೆದು ಹಳೆಯದಕ್ಕೆ ಕೈ ಹಾಕಿದ.

"ತಡಿ" ಎಂದ ಡಾಕ್ಟರು. "ಅವತ್ತು ನನ್ನನ್ನು ದಾಟಿ ಒಂದು ಬಸ್ಸು ಹೋಯಿತು. ಸೀಟು ಖಾಲಿಯಿತ್ತು. ಕೈ ಎತ್ತಿದ್ದರೆ ನಿಲ್ಲಿಸ್ತಿದ್ದ. ನನಗೆ ಹೊಳೀಲಿಲ್ಲ."

"ಅಂಥ ಹೊತ್ತಲ್ಲಿ ಯಾರಿಗೆ ಹೊಳೀತದೆ, ಬಿಡಿ."

"ಬೆಟ್ಟಕ್ಕೆ ಬಸ್ಸಿಲ್ಲ" ಎಂದ ಡಾಕ್ಟರು. ಮೆಕ್ಯಾನಿಕ್ ಕೈಯೊರೆಸಿಕೊಂಡು ಕಾದ. ಕೊನೆಗೆ ಡಾಕ್ಟರು, "ಹಗುರದ್ದನ್ನೇ ವಾಪಸ್ಸು ಹಾಕಿ ಮುಚ್ಚಿಬಿಡು" ಎಂದ.

ಭಾವ ಒಂದು ವರ್ಷ ಅವನನ್ನು ಮಾತಾಡಿಸಲಿಲ್ಲ. ಅಕ್ಕನ ವರ್ಷದ ದಿನ ಅವನು ಹೋದಾಗ ಎಲೆ ಹಾಕಿ, "ಕೂತ್ಕೋ" ಎಂದರು, ಅಷ್ಟೆ. ಅವನಿಗೆ ಅಷ್ಟು ಸಾಕಾಯಿತು. ಗಾಡಿ ಬಯಲಿನಲ್ಲಿ ಕೂಗುತ್ತಾ ಹೋಗುತ್ತಿತ್ತು, ಬೆಟ್ಟವನ್ನು ಹತ್ತುತ್ತಿತ್ತು. ಆ ನೇರ ರಸ್ತೆಗೆ ಇಳಿದಾಗೆಲ್ಲ ಅವನ ಎದೆ ಹಿಂಡುತ್ತಿತ್ತು. ಅದು ನಿಲ್ಲಲಿಲ್ಲ. ಆದರೆ ರೋಲರನ್ನು ಅವನು ಮತ್ತೆ ಬದಲಾಯಿಸಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಗುರುಶಾಂತನಿಗೆ ಸಮಾಧಾನವಾಗಿರಲಿಲ್ಲ. "ಬುದ್ಧೀ, ಹಾಗಾದರೆ ಅಕ್ಕನಿಗೆ ಅವನು ತಪ್ಪಿದಂತಾಗಲಿಲ್ಲವೇ?" ಎಂದು ಕೇಳಿದ.

"ಆಯಿತು" ಎಂದರು ಗುರುಗಳು. "ಅದನ್ನು ಅವನು ಹೊತ್ತುಕೊಂಡೇ ಬದುಕಿದ."

"ಮತ್ತೆ ನನ್ನ ಪ್ರಶ್ನೆಗೆ ಉತ್ತರ?"

ಗುರುಗಳು ಅವನ ಮುಖ ನೋಡಿ ಕೇಳಿದರು: "ಕರೆದ ಕಡೆಗೆಲ್ಲ ಹೋಗಬೇಕೆನ್ನುತ್ತೀಯಲ್ಲ ಗುರುಶಾಂತ, ನೀನು ಹೋಗದಿದ್ದರೆ ಬೇರೆ ಯಾರೂ ಹೋಗದ ಬಾಗಿಲು ಯಾವುದು?"

ಗುರುಶಾಂತ ಪಾಠಶಾಲೆ, ದಾಸೋಹ, ಪ್ರವಚನ ಎಂದು ಒಂದೊಂದೇ ಬೆರಳು ಮಡಚತೊಡಗಿದ.