ಕೆಂಚಮ್ಮನ ಮಗ ಮಾರ್ಕು ನೋಡಿ ತಂದದ್ದು

ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಕೆಂಚಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಹಾಲೇಶ ಅಂತ ಒಬ್ಬನೇ ಮಗ. ಆಳು ನೋಡಿದರೆ ಕಂಬದ ಹಾಗಿದ್ದ, ಬುದ್ಧಿ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಜಾತಿ. ಅಂಥವನನ್ನು ಕಟ್ಟಿಕೊಂಡು ಏಗಿದವರಿಗೇ ಗೊತ್ತು ಆ ಕಷ್ಟ.

ಕೆಂಚಮ್ಮನಿಗೋ ಸಿಟ್ಟು ಮೂಗಿನ ತುದಿಯಲ್ಲಿ. ಯಾಕಿರಬಾರದು? ಗಂಡ ರೇವಣ್ಣ ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬೈಕಿನಲ್ಲಿ ಹೋದವನು ರಸ್ತೆಯ ಮೇಲೇ ಸತ್ತ. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸತ್ತವನ ಮೇಲೂ ಅವಳಿಗೆ ಸಿಟ್ಟು. ಈಗ ಅದೇ ಬೈಕಿನಲ್ಲಿ ಮಗ ಅಂಗಡಿಗಳಿಗೆ ಮಂಡಕ್ಕಿ ಚೀಲ ಹಾಕಲು ಹೊರಟಿದ್ದ. ಇವನಾದರೂ ಉಳಿಯಲಿ ಅನ್ನುವುದೊಂದೇ ಅವಳ ಆಸೆ.

"ಹೆಲ್ಮೆಟ್ ಇಲ್ದೆ ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ" ಅಂದಳು.

ಹಾಲೇಶ ದಾಟಲಿಲ್ಲ. ನಲ್ಲಿಗೆ ಹೋದರೂ ಹೆಲ್ಮೆಟ್ಟು, ಬೀಡಿಗೆ ಹೋದರೂ ಹೆಲ್ಮೆಟ್ಟು. ಕ್ಷೌರದಂಗಡಿಗೂ ಹಾಕಿಕೊಂಡೇ ಹೋಗಿ ಕುರ್ಚಿಯಲ್ಲಿ ಕೂತ. ತೆಗೆಯಪ್ಪಾ ಅಂತ ಕ್ಷೌರದವನು ಗೋಗರೆದರೂ ಹಾಲೇಶ ತೆಗೆಯಲಿಲ್ಲ. ಬೇಸತ್ತು ಅವನು ಕಣ್ಣಿಗೆ ಕಂಡಷ್ಟನ್ನೇ ಕತ್ತರಿಸಿ ಕಳಿಸಿದ. ಕಂಡದ್ದು ಹುಬ್ಬು ಮಾತ್ರ.

ಹುಬ್ಬಿಲ್ಲದ ಮಗನನ್ನು ನೋಡಿ ಕೆಂಚಮ್ಮ ಹಣೆ ಹಣೆ ಚಚ್ಚಿಕೊಂಡಳು. ನಡೆಯುವಾಗ ಯಾವ ಮುಠ್ಠಾಳ ಹಾಕ್ಕೋತಾನೋ ಅಂತ ಬೈದಳು. ಬೈಕು ಹತ್ತಿದಾಗ ನೀನು ಹಾಕ್ಕೊ, ಹಿಂದೆ ಜೀವ ಇರೋದು ಯಾವುದು ಕೂತರೂ ಅದಕ್ಕೂ ಹಾಕು, ಗದ್ದದ ಕೆಳಗೆ ಪಟ್ಟಿ ಬಿಗಿ ಅಂತ ಹೇಳಿದಳು. ಆಯ್ತವ್ವ ಅಂದ.

ಮಾರನೇ ವಾರ ಹಬ್ಬಕ್ಕೆ ಚಿಕ್ಕಮ್ಮನ ಮನೆಯಿಂದ ಹುಂಜ ತರಲು ಹೋದ. ಹುಂಜಕ್ಕೆ ಜೀವ ಇದೆ, ಹಿಂದೆ ಕೂತಿದೆ. ಅಪ್ಪನ ಹೆಲ್ಮೆಟ್ಟನ್ನು ಅದರ ತಲೆಗೆ ಹಾಕಿ ಪಟ್ಟಿ ಬಿಗಿಯಲು ಹೋದ. ಬಿಗಿಯಲು ಅದಕ್ಕೆ ಗದ್ದ ಎಲ್ಲಿದೆ? ಹುಂಜ ಒದ್ದಾಡಿ ಹಾರಿಹೋಯಿತು. ಹೆಲ್ಮೆಟ್ಟು ಹೋಗಿ ಮೋರಿಯ ಕಲ್ಲಿಗೆ ಬಡಿಯಿತು. ಅದನ್ನೇ ಒರೆಸಿ ಮನೆಗೆ ತಂದ. ಹಬ್ಬದ ದಿನ ಮನೆಯಲ್ಲಿ ಬೇಳೆಸಾರು.

ಕೆಂಚಮ್ಮ ಸೌಟು ಹಿಡಿದೇ ಬೈದಳು.

"ಏಟು ಬಿದ್ದಿದ್ದು ಮೇಲೆ ನೆಟ್ಟಗೆ ಕಂಡ್ರೂ ಒಳಗೆ ಒಡೆದಿರ್ತೈತೆ ಕಣೋ. ಅದನ್ನ ಮತ್ತೆ ಮನೆಗೆ ತರಬ್ಯಾಡ. ಸೀದಾ ಗುಜರಿಗೆ ಹಾಕು. ಮಾರ್ಕು ನೋಡಿ ಬ್ಯಾರೇದು ತಗಂಬಾ. ಮಾರ್ಕಿದ್ರೂ ಡೂಪ್ಲಿಕೇಟು ಕೊಟ್ಟಾರು, ಹುಷಾರು."

ಆಶ್ಚರ್ಯ ನೋಡಿ, ಹಾಲೇಶ ಅಷ್ಟನ್ನೂ ಸರಿಯಾಗಿ ಮಾಡಿದ. ಏಟು ಬಿದ್ದದ್ದನ್ನು ಗುಜರಿಗೆ ಹಾಕಿದ, ಐಎಸ್‌ಐ ಮಾರ್ಕಿನದನ್ನು ತಂದ. ಮಗನಿಗೆ ಬುದ್ಧಿ ಬಂತು ಅಂತ ಕೆಂಚಮ್ಮ ಹಿಗ್ಗಿದಳು. ಆ ಹಿಗ್ಗಿನಲ್ಲೇ ಹೊಸ ಹೆಲ್ಮೆಟ್ಟು ಹಾಕಿಕೊಂಡು ಅವನ ಹಿಂದೆ ಕೂತು ಸಂತೆಗೆ ಹೊರಟಳು.

ದಾರಿಯಲ್ಲಿ ನಾಯಿ ಅಡ್ಡ ಬಂತು, ಬೈಕು ಜಾರಿತು. ಕೆಂಚಮ್ಮನ ತಲೆ ರಸ್ತೆಗೆ ಬಡಿಯಿತು. ಹೆಲ್ಮೆಟ್ಟು ಸೀಳಿತು, ತಲೆಗೆ ಏನೂ ಆಗಲಿಲ್ಲ. ಮೊಣಕಾಲು ಮಾತ್ರ ತರಚಿತ್ತು.

"ನಂಗೇನೂ ಆಗಿಲ್ಲ, ಮನೆಗೆ ನಡಿ" ಅಂದಳು.

ಹಾಲೇಶ ಅವಳ ಮುಖ ನೋಡಿ ಗೊಳೋ ಅಂತ ಅತ್ತ. ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನಡೆದೇ ಬಿಟ್ಟ. ಆಸ್ಪತ್ರೆಗೆ ಒಯ್ಯುತ್ತಿದ್ದಾನೆ, ಹೆತ್ತದ್ದು ಸಾರ್ಥಕವಾಯಿತು ಅಂತ ಕೆಂಚಮ್ಮ ಸುಮ್ಮನಿದ್ದಳು. ಇಳಿಸಿದಾಗ ಸುತ್ತ ನೋಡಿದರೆ ಮುರಿದ ಫ್ಯಾನು, ತುಕ್ಕು ಹಿಡಿದ ಡಬ್ಬಿ, ಒಡೆದ ಬಕೆಟ್ಟು. ಗುಜರಿ ಅಂಗಡಿ! ಸೀಳಿದ ಹೆಲ್ಮೆಟ್ಟನ್ನೂ ಅವಳ ಪಕ್ಕದಲ್ಲಿಟ್ಟು, ಅಳುತ್ತಾ ಹೋಗಿಬಿಟ್ಟ. ಕೆಂಚಮ್ಮ ಕೂಗಿದಳು, ಅವನ ಹುಟ್ಟನ್ನೇ ಜಾಲಾಡಿದಳು, ಅವನು ತಿರುಗಿ ನೋಡಲಿಲ್ಲ.

ಮೈಯೆಲ್ಲ ಉರಿಯುತ್ತಾ, ಕುಂಟುತ್ತಾ ಮನೆ ಸೇರಿದಳು. ಒಳಗೆ ಅವಳದೇ ಮಣೆಯ ಮೇಲೆ ಹೂ ಮಾರುವ ಸಣ್ಣೀರಮ್ಮಜ್ಜಿ ಮಂಡಕ್ಕಿ ತಿನ್ನುತ್ತಾ ಕೂತಿದ್ದಳು. ಮುಂಗೈಯಿಂದ ತೋಳಿನವರೆಗೆ ಹಸಿರು ಹಚ್ಚೆ. ನಿನ್ನ ಮಗ ನನ್ನ ಕೈಯೆತ್ತಿ ನೋಡಿ ಕರಕೊಂಡು ಬಂದ ಕಣೇ, ಯಾಕಂತ ನಂಗೂ ಗೊತ್ತಿಲ್ಲ ಅಂದಳು ಮುದುಕಿ.

ಮೂಲೆಯಲ್ಲಿ ಇನ್ನೂ ಅಳುತ್ತಾ ಕೂತಿದ್ದ ಹಾಲೇಶನ ಮೇಲೆ ಕೆಂಚಮ್ಮ ಪೊರಕೆ ಎತ್ತಿದಳು. ಹೆತ್ತವಳನ್ನ ಗುಜರಿಗೆ ಹಾಕ್ತೀಯೇನೋ, ಬದಲಿ ಅವ್ವನ್ನ ತರ್ತೀಯೇನೋ, ನಿಮ್ಮಪ್ಪ ಹಂಗೆ ಹೋದ, ನೀನು ನನ್ನ ಹಿಂಗೆ ಕೊಲ್ತೀಯಲ್ಲೋ ಅಂತ ಓಣಿಯೆಲ್ಲ ಸೇರುವ ತನಕ ಬೈದಳು. ಬೈಯುತ್ತಾ ಅವನ ತಲೆ, ಕೈಕಾಲು ಎಲ್ಲಾ ಸವರಿ ನೋಡಿದಳು. ಅವನೂ ಅದೇ ಬೈಕಿನಿಂದ ಬಿದ್ದವನಲ್ಲವೇ! ಎಲ್ಲಾ ನೆಟ್ಟಗಿತ್ತು. ಅದಕ್ಕೂ ಬೈದಳು.

ಹಾಲೇಶ ಕಣ್ಣೊರೆಸಿಕೊಂಡ. ಅವನ ಮುಖ ಅರಳಿತು.

"ಮಾರ್ಕು ನೋಡೇ ತಂದಿದ್ದೆ ಕಣವ್ವ, ತೋಳು ತುಂಬಾ ಐತೆ. ಆದ್ರೆ ಆಗಿಂದ ಕುಂತೈತೆ, ಒಂದ್ಸಲನೂ ಬೈಲಿಲ್ಲ. ಆಗ್ಲೇ ಅನುಮಾನ ಬಂತು" ಅಂದ. ಆಮೇಲೆ ಮುದುಕಿಯ ಕೈಯಿಂದ ಮಂಡಕ್ಕಿ ತಟ್ಟೆ ಕಿತ್ತುಕೊಂಡು ಕೆಂಚಮ್ಮನ ಮುಂದೆ ಇಟ್ಟ.

"ಏಳಜ್ಜಿ, ನೀನು ಡೂಪ್ಲಿಕೇಟು."