ಹೊಂಬಮ್ಮನ ಗಂಗಳ

ಬಾಳ ಹಿಂದಿನ ಮಾತು ಕಣ್ರಪ್ಪಾ. ಯಾವ ದೊರೆ ಕಾಲ ಅಂತ ಕೇಳ್ಬೇಡಿ, ನಂಗೆ ಹೇಳಿದೋರಿಗೇ ಗೊತ್ತಿರ್ಲಿಲ್ಲ. ಗೌಜಲಕೆರೆ ಅಂತ ಒಂದೂರು. ಊರಿಗಿಂತ ಕೆರೆಯೇ ದೊಡ್ಡದು. ಆ ಕೆರೆ ದಡದಲ್ಲಿ ಬೆಸ್ತರ ಕೇರಿ, ಆ ಕೇರೀಲಿ ಹೊಂಬಮ್ಮ ಅಂತ ಒಬ್ಬ ಹೆಂಗಸು.

ಹೊಂಬಮ್ಮ ನೀರಿಗೆ ಕೈ ಇಳಿಬಿಟ್ಟರೆ ಮೀನು ಎಲ್ಲಿದೆ ಅಂತ ಅಂಗೈಗೆ ಗೊತ್ತಾಗ್ತಿತ್ತಂತೆ. ಮಳೆಗಾಲ ಹಿಂದಾಗಿ ಬೆಳಗಿನ ಹೊತ್ತು ಮೈ ಚುಮುಗುಟ್ಟೋ ಕಾಲ ಬರುತ್ತೆ ನೋಡಿ, ಕೆರೆಯ ಕೆಂಪು ನೀರು ತಿಳಿಯಾಗಿ, ಮೇಲಿನ ನೀರು ತಣ್ಣಗಾಗಿ, ಮೀನು ಇದ್ದ ಜಾಗ ಬಿಟ್ಟು ಓಡಾಡೋ ಕಾಲ ಅದು. ಆಗ ಹರಿಗೋಲಿನಲ್ಲಿ ಕೂತು ಹೊಂಬಮ್ಮ ಕೈ ಅದ್ದಿ ಜಾಗ ತೋರಿಸೋದು, ಗಂಡ ಮೊಗಣ್ಣ ಬಲೆ ಬೀಸೋದು. ಒಂದು ಸಲ ಆ ಬಲೆ ದಡಕ್ಕೆ ಎಳೆಯೋಕೆ ಜೋಡೆತ್ತು ಕಟ್ಟಿದ್ರಂತೆ. ಅಷ್ಟು ದೊಡ್ಡ ಸುಳ್ಳು ನಾನಾಗಿ ಹೇಳಲ್ಲ, ಆದ್ರೆ ಕೇಳಿದ್ದನ್ನ ಬಿಡೋಕೂ ಆಗಲ್ಲ.

ಒಂದು ವರ್ಷ ಮಳೆಗಾಲದ ಕೊನೇಲಿ ಕೆರೆ ಕೋಡಿ ಬಿತ್ತು. ಕೋಡಿಯ ಸೆಳೆತಕ್ಕೆ ಮೊಗಣ್ಣನ ಹರಿಗೋಲು ಸಿಕ್ಕಿಹಾಕ್ಕೊಳ್ತು. ಮಗುಚಿದ ಹರಿಗೋಲು ಕೆಳಗಿನ ಹಳ್ಳದಲ್ಲಿ ಸಿಕ್ತು, ಮೊಗಣ್ಣ ಸಿಗಲಿಲ್ಲ. ಊರು, ಹೋದ ಅಂತು. ಹೊಂಬಮ್ಮ ಮಾತ್ರ, ಈಜಿ ಎಲ್ಲೋ ದಡ ಹತ್ತಿದಾನೆ, ಬತ್ತಾನೆ ಅಂದಳು. ಬಳೆ ತೆಗೀಲಿಲ್ಲ, ಕುಂಕುಮ ಅಳಿಸಲಿಲ್ಲ. ಉಣ್ಣೋಕೆ ಕೂತಿದ್ರೂ ನೀರು ಪುಳಕ್ ಅಂದ್ರೆ ಸಾಕು, ಎದ್ದು ಅಂಗಳಕ್ಕೆ ಓಡೋಳಂತೆ.

ಇಲ್ಲೇ ಫಜೀತಿ ಶುರುವಾಗಿದ್ದು. ಕೆರೆ ಪಾಲಾದೋನಿಗೆ ಅವನ ಮನೇಲಿ ಎಡೆ ಇಡೋವರೆಗೂ ನೀರಿಗೆ ಸೂತಕ, ಯಾರೂ ಬಲೆ ಇಳಿಸೋಹಂಗಿಲ್ಲ ಅನ್ನೋದು ಆ ಕೇರಿಯ ಕಟ್ಟುಪಾಡು. ಹಿರಿಯರ ಹಬ್ಬ ಹತ್ತಿರ ಬಂತು. ಕೆರೇಲಿ ಮೀನು ಓಡಾಡ್ತಿದೆ, ಬಲೆಗಳು ಗೂಟದಲ್ಲಿ ಒಣಗ್ತಿವೆ. ಇನ್ನಷ್ಟು ಚಳಿ ಬಿದ್ದು ಮೀನು ಆಳಕ್ಕೆ ಇಳಿದುಬಿಟ್ಟರೆ ವರ್ಷದ ಕೂಳೇ ಹೋದಂಗೆ. ಕೇರಿ ಮಕ್ಕಳು ಬರೀ ಅಂಬಲಿ ಕುಡಿದು ಮಲಗ್ತಿದ್ವು.

ಕೇರಿ ಯಜಮಾನ ಬಂದು ಕೈಮುಗಿದ. ಬದುಕಿರೋ ಗಂಡನಿಗೆ ಎಡೆ ಇಟ್ಟು ನಾನೇ ಸಾಯಿಸಲಾ ಅಂತ ಅವಳು ಬೈದು ಕಳಿಸಿದಳಂತೆ. ಆಮೇಲೆ ಮೊಗಣ್ಣನ ತಾಯಿ ಬೋರಜ್ಜಿ ಬಂದಳು. ಅವಳು ಏನೂ ಕೇಳಲಿಲ್ಲ. ಸೊಸೆ ಪಕ್ಕ ಕೂತು, ನಂಗೂ ಅವನು ಬತ್ತಾನೆ ಅಂತ್ಲೇ ಅನ್ಸುತ್ತೆ ಕಣವ್ವ, ಆದ್ರೆ ಬಂದೋನು ಈ ಮಕ್ಕಳ ಮುಖ ನೋಡಿ ನಮ್ಮಿಬ್ಬರನ್ನ ಏನಂತಾನೋ ಅಂದಳು. ಹೊಂಬಮ್ಮ ಅಷ್ಟು ದಿನ ತಡೆದಿದ್ದ ಅಳು ಅವತ್ತು ಅತ್ತಳು.

ಹಬ್ಬದ ದಿನ ಬೆಳಗ್ಗೆ ಅವಳೊಬ್ಬಳೇ ಹರಿಗೋಲು ಹತ್ತಿದಳು. ಎಡೆಯ ಮೀನಿಗೆ ಇಳಿದಳು ಅಂದ್ಕೊಂಡು ಯಾರೂ ತಡೀಲಿಲ್ಲ. ಕೆರೆಗೆಲ್ಲ ಚಳಿ ಹಿಡಿದಿತ್ತು. ಅವಳು ಕೈ ಅದ್ದಿದ ಕಡೆ ಮಾತ್ರ ನೀರು ಬೆಚ್ಚಗಿತ್ತು, ಯಾರೋ ಕೈ ಹಿಡ್ಕೊಂಡಂಗಿತ್ತು ಅಂತ ಆಮೇಲೆ ಅವಳೇ ಅಂದಳಂತೆ. ಅಲ್ಲೇ ಬಲೆ ಬೀಸಿ, ಮೊಗಣ್ಣನಿಗೆ ಇಷ್ಟ ಅಂತ ಒಂದು ಕೊರವನ ಮೀನು ತಂದು, ಹುಣಸೆಹುಳಿ ಹಿಂಡಿ ಸಾರು ಮಾಡಿ, ಮುದ್ದೆ ತಿರುವಿದಳು.

ಸತ್ತವರಿಗೆ ಎಡೆ ಇಡೋದು ಬಾಳೆಲೆ ಮೇಲೆ, ಒಳಗೆ ಗೋಡೆ ಪಕ್ಕ. ಅವಳು ಬಾಳೆಲೆ ಮುಟ್ಟಲಿಲ್ಲ. ಗಂಡ ದಿನಾ ಉಣ್ತಿದ್ದ ಕಂಚಿನ ಗಂಗಳ ತೊಳೆದು, ಹೊಸ್ತಿಲ ಮುಂದೆ ಕೆರೆ ಕಡೆಗಿಟ್ಟು ಬಡಿಸಿದಳು. ಕೇರಿಯೆಲ್ಲ ಅಂಗಳದಲ್ಲಿ ನಿಂತು ನೋಡ್ತಿತ್ತು.

"ಬಂದ್ರೆ ಉಣ್ಣು. ಬರ್ದಿದ್ರೂ ಉಣ್ಣು" ಅಂದಳು.

ಹಬೆ ಆಡೋದು ನಿಂತಿತು, ಮುದ್ದೆ ಗಟ್ಟಿಯಾಯ್ತು. ಎಡೆ ಅಂದ್ಮೇಲೆ ಕಾಗೆಗೆ ಹಾಕಬೇಕಲ್ಲ, ಒಬ್ಬ ಮುದುಕ ಗಂಗಳಕ್ಕೆ ಕೈ ಚಾಚಿದ. ಹೊಂಬಮ್ಮ ಅವನ ಕೈ ಸರಿಸಿ, ಹೊಸ್ತಿಲಲ್ಲೇ ಕೂತು, ಗಂಡ ಉಂಡೆದ್ದ ಗಂಗಳದಲ್ಲಿ ಹೆಂಡತಿ ಉಣ್ಣೋ ಹಾಗೆ, ಆರಿದ ಮುದ್ದೆ ಮುರಿದು ಉಂಡಳು. ಅದು ಎಡೆಯೋ ಊಟವೋ ಅಂತ ಯಜಮಾನ ಕೇಳಲಿಲ್ಲ. ಬಲೆ ತಗೊಳ್ರಪ್ಪ ಅಂದ.

ಮೊಗಣ್ಣ ಬರಲಿಲ್ಲ. ಹೊಂಬಮ್ಮ ಮುದುಕಿಯಾಗಿ ಕಣ್ಣು ಮುಚ್ಚೋವರೆಗೂ ವರ್ಷಾವರ್ಷ ಹಂಗೇ ಬಡಿಸಿದಳು, ಹಂಗೇ ಉಂಡಳು.

ಆ ಕಡೆ, ಹೋದೋರು ಬದುಕಿದಾರೋ ಇಲ್ವೋ ಅಂತ ಗೊತ್ತಿಲ್ಲದ ಮನೆಗಳಲ್ಲಿ ಈಗಲೂ ಹಿರಿಯರ ಹಬ್ಬದ ದಿನ ಹೊಸ್ತಿಲಿಗೆ ಒಂದು ತಟ್ಟೆ ಇಡ್ತಾರೆ. ಈಗ ಕಂಚು ಎಲ್ಲಿ ಬಂತು, ಸ್ಟೀಲ್ ತಟ್ಟೆ. ಹೊಂಬಮ್ಮನ ಮಾತನ್ನೇ ಮೆಲ್ಲಗೆ ಹೇಳ್ತಾರೆ. ಅದನ್ನ ಕಾಗೆಗೆ ಹಾಕಲ್ಲ. ಆರೋವರೆಗೂ ಕಾಯ್ತಾರೆ, ಆಮೇಲೆ ಕಾದೋರೇ ಉಣ್ತಾರೆ.